ಹುಕ್ಕಿನ ಹಿಂದಿನ ಬಟ್ಟೆ

ಆ ಮನೆಯಲ್ಲಿ ಎರಡು ಕೃತಕ ಮಂಡಿಗಳಿದ್ದವು. ಒಂದು ಡ್ರೈವರಪ್ಪನದು, ಇನ್ನೊಂದು ಅವನ ಹೆಂಡತಿ ಟೈಲರಮ್ಮನದು. ಒಂದೇ ಆಸ್ಪತ್ರೆ, ಒಬ್ಬರೇ ಡಾಕ್ಟರು, ಒಂದೇ ಕಂಪನಿಯ ಮಾಲು. ಡ್ರೈವರಪ್ಪನ ಮಂಡಿ ಬೆಳಗಿನ ಚಹಾಕ್ಕೆ ಮುಂಚೆಯೇ ಬೀದಿಯ ಕೊನೆಯವರೆಗೆ ಹೋಗಿ ಪೇಪರು ತರುತ್ತಿತ್ತು. ಟೈಲರಮ್ಮನ ಮಂಡಿ ಬಚ್ಚಲಿಗೆ ಹೋಗುವುದಕ್ಕೂ ಗೋಡೆಯ ಅಪ್ಪಣೆ ಕೇಳುತ್ತಿತ್ತು.

ಬಸ್ ಡ್ರೈವರ್ ಕೆಲಸದಿಂದ ನಿವೃತ್ತನಾಗಿ ಎಷ್ಟೋ ಕಾಲವಾಗಿದ್ದರೂ ಬೀದಿಯವರೆಲ್ಲ ಅವನನ್ನು ಡ್ರೈವರಪ್ಪ ಎಂದೇ ಕರೆಯುತ್ತಿದ್ದರು. ಅವನಿಗೂ ಮನೆಯನ್ನು ಬಸ್ಸಿನ ಹಾಗೆ ನಡೆಸುವ ಚಾಳಿ ಬಿಟ್ಟಿರಲಿಲ್ಲ. ಯಾರು ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಅನ್ನುವುದನ್ನು ಅವನೇ ಹೇಳಬೇಕು. ಅವನ ಮಂಡಿ ಆಪರೇಷನ್ ಹೂವು ಎತ್ತಿದಷ್ಟು ಸುಲಭವಾಗಿ ಆಗಿತ್ತು. ಆಸ್ಪತ್ರೆಯಲ್ಲಿ ವ್ಯಾಯಾಮ ಮಾಡಿಸುವ ಹುಡುಗಿ ಬೇರೆ ರೋಗಿಗಳಿಗೆ "ಇವರನ್ನ ನೋಡಿ ಕಲೀರಿ" ಅಂದಿದ್ದಳಂತೆ. ಆ ಮಾತು ಮನೆಗೆ ಬಂದುಹೋದವರ ಕಿವಿಗೆಲ್ಲ ಬಿದ್ದಿತ್ತು, ಕೆಲವರ ಕಿವಿಗೆ ಎರಡೆರಡು ಸಲ.

ಹಾಗಾಗಿ ಹೆಂಡತಿಯ ಬಲಮಂಡಿಯೂ ಸವೆದು ಆಪರೇಷನ್ನಿಗೆ ಬಂದಾಗ ಅವನು ಆ ದಾರಿಯಲ್ಲಿ ಮೊದಲೇ ಬಸ್ಸು ಓಡಿಸಿದವನ ಗತ್ತಿನಲ್ಲಿ ಆಸ್ಪತ್ರೆಗೆ ಹೊರಟಿದ್ದ. ಭರ್ತಿ ಮಾಡಿಕೊಳ್ಳುವ ನರ್ಸು ಪ್ರಶ್ನೆ ಕೇಳುತ್ತಾ ಹೋದಳು, ಇವನು ಉತ್ತರ ಹೇಳುತ್ತಾ ಹೋದ. ಟೈಲರಮ್ಮ ಪಕ್ಕದಲ್ಲೇ ಚೀಲ ಹಿಡಿದು ಕೂತಿದ್ದಳು. ಸಕ್ಕರೆ ಕಾಯಿಲೆ? ಇಲ್ಲ. ಬಿ.ಪಿ.? ಸ್ವಲ್ಪ ಇದೆ, ಅದೂ ನನ್ನಿಂದಲೇ ಬಂದಿದ್ದು ಅಂತಾಳೆ. ಅಲರ್ಜಿ? ಏನೂ ಇಲ್ಲ. ಕೊನೆಗೆ ಹೋಟೆಲಿನಲ್ಲಿ ತಿಂಡಿ ಹೇಳಿದ ಹಾಗೆ, "ನೋಡಮ್ಮ, ನನಗೆ ಹಾಕಿದ್ದನ್ನೇ ಇವಳಿಗೂ ಹಾಕಿಬಿಡಿ" ಅಂದ. ನರ್ಸು ನಕ್ಕಳು. ಮನೆಯವರೂ ನಕ್ಕರು. ಆಮೇಲೆ ಎಷ್ಟೋ ದಿನ ಆ ಮಾತು ಊಟದ ಹೊತ್ತಿಗೆ ಮನೆಯ ತಮಾಷೆಯಾಗಿ ಓಡಾಡಿತು.

ಈಗ ಆ ತಮಾಷೆಗೆ ಯಾರೂ ನಗುತ್ತಿರಲಿಲ್ಲ. ವರ್ಷ ತುಂಬುತ್ತಾ ಬಂದಿದ್ದರೂ ಮಂಡಿ ಊದಿಕೊಂಡೇ ಇತ್ತು. ಮುಟ್ಟಿದರೆ ಬಿಸಿ. ಸಂಜೆಯಾದರೆ ಒಳಗೆ ಯಾರೋ ತಿರುಪು ಬಿಗಿಯುತ್ತಿದ್ದಾರೆ ಅನ್ನಿಸುವಂಥ ಬಿಗಿತ. ಹೊಲಿಗೆ ಹಾಕಿದ ಗಾಯದ ಸುತ್ತ ಕೆಂಪು ಗುಳ್ಳೆ ಏಳುವುದು, ಕೆರೆಯುವುದು, ಒಣಗುವುದು, ಮತ್ತೆ ಏಳುವುದು. ಆಸ್ಪತ್ರೆಗೆ ತೋರಿಸಲು ಹೋದಾಗಲೆಲ್ಲ ಅವಳು ಬಾಯಿ ತೆರೆಯುವ ಮುಂಚೆಯೇ ಡ್ರೈವರಪ್ಪ "ಸರಿಯಾಗಿ ವ್ಯಾಯಾಮ ಮಾಡಲ್ಲ ಡಾಕ್ಟ್ರೇ" ಅನ್ನುತ್ತಿದ್ದ. ಡಾಕ್ಟರು ಹಚ್ಚಿಕೊಳ್ಳಲು ಮುಲಾಮು ಬರೆದುಕೊಟ್ಟು, ವ್ಯಾಯಾಮ ಮಾಡಿ ಅನ್ನುತ್ತಿದ್ದರು. ಮನೆಗೆ ಬಂದರೆ ವ್ಯಾಯಾಮದ ಮೇಷ್ಟರು ಕಾದೇ ಇರುತ್ತಿದ್ದ.

"ಬಗ್ಗಿಸು. ಇನ್ನೂ ಬಗ್ಗಿಸು."

"ಬಗ್ಗಲ್ಲ ರೀ."

"ಬಗ್ಗಲ್ಲ ಅಂದ್ರೆ ಬಗ್ಗಲ್ಲ. ಮನಸ್ಸು ಮಾಡಬೇಕು. ನಾನು ಇಷ್ಟು ಹೊತ್ತಿಗೆ ಮೆಟ್ಟಿಲು ಎರಡೆರಡು ಹಾರ್ತಿದ್ದೆ."

"ಅದು ನಿಮ್ಮ ಮಂಡಿ."

"ಮಾಲು ಒಂದೇ ಕಣೇ."

"ಹಾಗಾದ್ರೆ ಬಿಚ್ಚಿ ಕೊಡಿ, ಬದಲಾಯಿಸ್ಕೊಳ್ಳೋಣ."

ಇಂಥ ಮಾತಿಗೆ ಅವನಿಗೆ ಸಿಟ್ಟು ಬರುತ್ತಿತ್ತು. ಪೇಪರು ಮಡಚಿ ಬಾಲ್ಕನಿಗೆ ಹೋಗಿಬಿಡುತ್ತಿದ್ದ. ಅವಳು ಬಟ್ಟೆ ಅಳೆಯುವ ಮರದ ಪಟ್ಟಿಯಿಂದ ಗಾಯದ ಸುತ್ತ ಮೆಲ್ಲಗೆ ಕೆರೆದುಕೊಳ್ಳುತ್ತಾ ಕೂರುತ್ತಿದ್ದಳು.

ಮನೆ ಇದ್ದದ್ದು ಎರಡನೇ ಮಹಡಿಯಲ್ಲಿ. ಮಗ ಲಿಫ್ಟ್ ರಿಪೇರಿಯವನು. ಊರಿನವರ ಲಿಫ್ಟನ್ನೆಲ್ಲ ಓಡಿಸುವವನ ಮನೆಗೇ ಲಿಫ್ಟಿಲ್ಲ, ನೋಡಿ. ಮೆಟ್ಟಿಲ ಬುಡದಲ್ಲಿ ಬೀದಿಗೆ ಬಾಗಿಲಿರುವ ಸಣ್ಣ ಕೋಣೆಯೇ ಟೈಲರಮ್ಮನ ಅಂಗಡಿ. ಮಗ ತೊಟ್ಟಿಲಲ್ಲಿದ್ದಾಗಿನಿಂದ ಅವಳು ಅಲ್ಲಿ ಕಾಲಲ್ಲಿ ಪೆಡಲ್ ತುಳಿಯುತ್ತಾ ಹೊಲಿಯುತ್ತಿದ್ದಳು. ಫ್ರಾಕು, ಲಂಗ, ಪ್ಯಾಂಟು, ಎಲ್ಲಕ್ಕಿಂತ ಹೆಚ್ಚಾಗಿ ಶಾಲೆಯ ಯೂನಿಫಾರಂ. ಆ ಬೀದಿಯಲ್ಲಿ ಅವಳ ಹೊಲಿಗೆಯ ಲಂಗ ಉಟ್ಟು ಶಾಲೆಗೆ ಹೋದ ಹುಡುಗಿಯರು ಈಗ ತಮ್ಮ ಹೆಣ್ಣುಮಕ್ಕಳ ಅಳತೆ ಕೊಡಲು ಬರುತ್ತಿದ್ದರು. ಆಪರೇಷನ್ ಆದ ಮೇಲೆ ಬಂದವರು ಮುಚ್ಚಿದ ಬಾಗಿಲು ನೋಡಿ ವಾಪಸು ಹೋಗುತ್ತಿದ್ದರು.

ಒಂದು ಸಂಜೆ ಊಟಕ್ಕೆ ಕೂತಾಗ ಮಗ ಆ ಮಾತು ತೆಗೆದ. ಡ್ರೈವರಪ್ಪ ಅನ್ನ ಕಲಸುತ್ತಿದ್ದ. ಸೊಸೆ ಗ್ಯಾಸ್ ಏಜೆನ್ಸಿಯ ಕೌಂಟರಿನಲ್ಲಿ ದಿನವಿಡೀ ಕೂತು ಬಂದು ಬೇಯಿಸಿದ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಿದ್ದಳು.

"ಅಮ್ಮ, ಕೆಳಗಡೆ ಕೋಣೆ ಕೇಳ್ಕೊಂಡು ಒಬ್ಬರು ಬಂದಿದ್ರು. ಫೋನ್ ಕವರ್ ಅಂಗಡಿ ಇಡ್ತಾರಂತೆ."

"ಅಲ್ಲಿ ನನ್ನ ಮಿಷನ್ ಇದೆ."

"ಮುಚ್ಚಿದ ಬಾಗಿಲಿಗೆ ಎಷ್ಟು ದಿನ ಬಾಡಿಗೆ ಕಟ್ಟೋದು ಹೇಳು. ನೀನು ಇಷ್ಟು ವರ್ಷ ದುಡಿದಿದ್ದು ಸಾಕು. ಆರಾಮಾಗಿ ಕೂತ್ಕೋ."

"ಕೂತ್ರೇ ಕಣೋ ಮಂಡಿ ಬಿಗಿಯೋದು. ಆರಾಮ ಎಲ್ಲಿಂದ ತರಲಿ?"

"ಹೊಸ ಪಾರ್ಟು ಸೆಟ್ ಆಗೋಕೆ ಟೈಮ್ ಬೇಕಮ್ಮ. ನಮ್ಮ ಲಿಫ್ಟಿಗೂ ಹಾಗೇನೆ."

"ಎಷ್ಟು ಟೈಮಪ್ಪಾ? ನಿಮ್ಮ ಲಿಫ್ಟು ವರ್ಷಗಟ್ಟಲೆ ಕೀಲು ಊದಿಸ್ಕೊಂಡು ಕೂತಿರುತ್ತಾ?"

ಸೊಸೆ ಆಲೂಗಡ್ಡೆ ನೋಡುತ್ತಲೇ ನಕ್ಕಳು. ಮಗನ ಮುಖ ಊದಿತು. "ಬೇಕಾದ್ರೆ ಮಿಷನ್‌ಗೆ ಮೋಟಾರ್ ಹಾಕಿಸ್ತೀನಿ, ಮನೇಲೇ ಏನಾದ್ರೂ ಸಣ್ಣಪುಟ್ಟದ್ದು ಹೊಲ್ಕೋ."

"ಮಿಷನ್‌ಗೆ ಮೋಟಾರ್ ಹಾಕಿಸ್ತೀಯ. ಮೆಟ್ಟಿಲು ಹತ್ತಿ ಇಳಿಯೋಕೆ ನನಗೆಲ್ಲಿ ಹಾಕಿಸ್ತೀಯ?"

ಡ್ರೈವರಪ್ಪ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ. "ಶಾಲೆ ಶುರುವಾಗೋ ತನಕ ನೋಡೋಣ. ಅಷ್ಟರೊಳಗೆ ನೀನೇ ಇಳಿದುಹೋಗಿ ಬಾಗಿಲು ತೆಗೆದ್ರೆ ಸರಿ. ಇಲ್ಲದಿದ್ರೆ ಕೋಣೆ ಬಿಟ್ಟುಕೊಡೋದು."

ಟೈಲರಮ್ಮ ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟಳು. ಆ ಕೋಣೆ ಹೋದರೆ ತಾನು ಈ ಮನೆಯಲ್ಲಿ ಊದಿದ ಮಂಡಿಯ ಮುದುಕಿ, ಬೇರೇನೂ ಅಲ್ಲ ಅಂತ ಅವಳಿಗೆ ಗೊತ್ತಿತ್ತು. ಅಳು ಬಂತು. ಅತ್ತರೆ ಅದಕ್ಕೂ ಒಂದು ವ್ಯಾಯಾಮ ಹೇಳಿಬಿಟ್ಟಾನು ಅಂತ ಲೋಟ ಎತ್ತಿ ನೀರು ಕುಡಿದಳು.

"ಮಿಷನ್ ಮೇಲಕ್ಕೆ ತಂದುಕೊಡು," ಅಂದಳು ಮಗನಿಗೆ. "ಶಾಲೆ ಶುರುವಾಗೋ ತನಕ ಇಲ್ಲೇ ಹೊಲೀತೀನಿ. ಕೋಣೆ ಬಾಡಿಗೆ ನನ್ನ ಹೊಲಿಗೇನೇ ಕಟ್ಟುತ್ತೆ. ಯಾರ ಕೈಯೂ ಕಾಯಲ್ಲ."

ಭಾನುವಾರ ಮಗ ಬೈದುಕೊಳ್ಳುತ್ತಾ, ಗೆಳೆಯನೊಬ್ಬನ ಕೈ ಸೇರಿಸಿ, ಮಿಷನ್ನನ್ನು ಮೇಲಕ್ಕೆ ಹೊತ್ತು ತಂದು ಹಾಲಿನ ಕಿಟಕಿಯ ಬಳಿ ಇಟ್ಟ. ಯೂನಿಫಾರಂ ಕೇಳಿ ಬಂದವರನ್ನು ಸೊಸೆ ಮೇಲಕ್ಕೆ ಕರೆಯತೊಡಗಿದಳು. ಟೈಲರಮ್ಮ ಎಡಗಾಲಲ್ಲಿ ಪೆಡಲ್ ತುಳಿಯುತ್ತಾ, ಬಲಗಾಲನ್ನು ಸ್ಟೂಲಿನ ಮೇಲೆ ಚಾಚಿ, ಓರೆಯಾಗಿ ಕೂತು ಹೊಲಿದಳು. ಹೊಲಿಗೆ ಓರೆಯಾಗಲಿಲ್ಲ, ಸೊಂಟ ಓರೆಯಾಯಿತು. ಹುಕ್ಕು, ಗುಂಡಿ ಹಾಕುವ ಕೈಕೆಲಸವನ್ನು ಸೊಸೆ ತಾನೇ ಮಾಡುತ್ತೇನೆಂದು ಮುಂದೆ ಬಂದಳು. ಅವಳಿಗೆ ಹೊಲಿಗೆ ಬರುತ್ತಿದ್ದುದು ಅಷ್ಟಕ್ಕಷ್ಟೇ. ಆದರೆ ಹೊರಗಿನಿಂದ ದುಡಿದು ಬಂದವಳು ಚಹಾ ಕುಡಿದು ಸೀದಾ ಸೂಜಿ ಹಿಡಿಯುತ್ತಿದ್ದುದನ್ನು ಕಂಡು ಅತ್ತೆಗೆ ಒಳಗೊಳಗೇ ಹಿತವೆನಿಸುತ್ತಿತ್ತು. ಹೊರಗೆ ಮಾತ್ರ ತೋರಿಸುತ್ತಿರಲಿಲ್ಲ.

ಒಂದು ದಿನ ಸೊಸೆ ಮುಗಿಸಿದ ಲಂಗವನ್ನು ಕೈಗೆತ್ತಿಕೊಂಡವಳೇ ಟೈಲರಮ್ಮ ಹುಬ್ಬು ಗಂಟಿಕ್ಕಿದಳು.

"ಹುಕ್ಕಿನ ಹಿಂದೆ ಬಟ್ಟೆ ಎಲ್ಲೇ?"

"ಯಾವ ಬಟ್ಟೆ ಅತ್ತೆ?"

"ಹಿಂದುಗಡೆ ಮೆತ್ತನೆ ಬಟ್ಟೆ ಕೊಟ್ಟು ಹುಕ್ಕು ಮುಚ್ಚಬೇಕು ಅಂತ ಎಷ್ಟು ಸಲ ಹೇಳಿದೀನಿ? ನನ್ನ ಹೊಲಿಗೆ ಅಂದ್ರೆ ಅದು ಇರಲೇಬೇಕು."

"ಇವತ್ತು ಬೇಗ ಮುಗೀಲಿ ಅಂತ ಬಿಟ್ಟೆ. ಬೇರೆ ಟೈಲರ್‌ಗಳು ಯಾರೂ ಹಾಕಲ್ಲ. ಅದು ಯಾಕೆ ಬೇಕು ಅಂತಾನೇ ನನಗೆ ಗೊತ್ತಾಗಿಲ್ಲ."

"ಯಾಕೆ ಅಂದ್ರೆ? ಕಬ್ಬಿಣ ಮೈಗೆ ತಾಗಿದ್ರೆ ಗುಳ್ಳೆ ಏಳಲ್ವಾ? ಮಕ್ಕಳು ದಿನವೆಲ್ಲ ಕೆರ್ಕೊಂಡು ಕೂರಬೇಕಾ?"

ಸೊಸೆ ಸೂಜಿ ಕೆಳಗಿಟ್ಟಳು. "ಯಾರಿಗೆ ಗುಳ್ಳೆ ಏಳುತ್ತೆ ಅತ್ತೆ?"

"ಎಲ್ಲರಿಗೂ."

"ನನಗೇನೂ ಏಳಲ್ಲ." ಸೊಸೆ ತನ್ನ ಅಂಗಿಯ ಬದಿ ಸರಿಸಿ ಸೊಂಟದ ಹುಕ್ಕನ್ನು ತೋರಿಸಿದಳು. ಅಂಗಡಿಯಲ್ಲಿ ಕೊಂಡ ಸಿದ್ಧ ಉಡುಪು. ಹುಕ್ಕು ಬರಿಯ ಚರ್ಮಕ್ಕೆ ಒತ್ತಿಕೊಂಡಿತ್ತು. ಬೆಳಗಿನಿಂದ ಒತ್ತಿದ ಸಣ್ಣ ಗುರುತು ಬಿಟ್ಟರೆ ಚರ್ಮ ತಣ್ಣಗಿತ್ತು. ಅವಳ ಕಿವಿಯಲ್ಲಿ ಬೀದಿಬದಿಯಲ್ಲಿ ಕೊಂಡ ಅಗ್ಗದ ಓಲೆ ತೂಗುತ್ತಿತ್ತು.

ಟೈಲರಮ್ಮ ನೋಡಿದಳು. ಹುಕ್ಕು ನೋಡಿದಳು, ಓಲೆ ನೋಡಿದಳು. ತನ್ನ ಕಿವಿಗೆ ಅಂಥ ಓಲೆ ಹಾಕಿದರೆ ಬೆಳಗಾಗುವುದರೊಳಗೆ ನೀರು ಸೋರುತ್ತಿತ್ತು. ಕೈಗಡಿಯಾರ ಕಟ್ಟಿದರೆ ಮಣಿಕಟ್ಟಿನಲ್ಲಿ ಬಿಲ್ಲೆಯಷ್ಟು ಕೆಂಪು. ಹೊಸದಾಗಿ ಮದುವೆಯಾದಾಗ ಗಂಡ ಆಸೆಯಿಂದ ತಂದ ಗಡಿಯಾರವನ್ನು ಅವಳು ಕಟ್ಟದಿದ್ದುದಕ್ಕೆ, "ಇವಳಿಗೆ ಚಿನ್ನದ್ದೇ ಆಗಬೇಕು, ಮಹಾರಾಣಿ" ಅಂತ ಅವನು ತಿಂಗಳುಗಟ್ಟಲೆ ಆಡಿಕೊಂಡಿದ್ದ. ಎಲ್ಲರೂ ಹಲ್ಲು ಕಚ್ಚಿ ಸಹಿಸುತ್ತಾರೆ, ತನಗೆ ಮಾತ್ರ ಸಹನೆ ಕಡಿಮೆ ಅಂದುಕೊಂಡು ಅವಳು ಬಾಯಿ ಮುಚ್ಚಿಕೊಂಡಿದ್ದಳು.

"ಎಲ್ಲರಿಗೂ ಹಾಗೇ ಆಗುತ್ತೆ ಅಂದ್ಕೊಂಡಿದ್ದೆ ಕಣೇ," ಅಂದಳು.

"ಅತ್ತೆ, ಇದನ್ನ ಆಸ್ಪತ್ರೇಲಿ ಹೇಳಿದ್ರಾ?"

"ಏನಂತ ಹೇಳಲಿ? ಎಲ್ಲರಿಗೂ ಆಗೋದನ್ನ ಯಾರಾದ್ರೂ ಹೇಳ್ತಾರಾ? ಅಲ್ಲದೆ ನನ್ನನ್ನ ಯಾರು ಕೇಳಿದ್ರು?"

ಇಬ್ಬರೂ ಸ್ಟೂಲಿನ ಮೇಲೆ ಚಾಚಿಕೊಂಡಿದ್ದ ಮಂಡಿಯ ಕಡೆ ತಿರುಗಿದರು. ಅದರೊಳಗೆ ಕೂತಿದ್ದುದೂ ಲೋಹವೇ. ಅದರ ಹಿಂದೆ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿಯಲು ಆಗುವಂತಿರಲಿಲ್ಲ.

ಸಂಗತಿ ಡ್ರೈವರಪ್ಪನ ಕಿವಿಗೆ ಬಿದ್ದಾಗ ಅವನು ಸೊಪ್ಪು ಹಾಕಲಿಲ್ಲ.

"ಓಲೆಗೂ ಮಂಡಿಗೂ ಏನು ಸಂಬಂಧ? ನನಗೂ ಅದೇ ಲೋಹ ಹಾಕಿದಾರೆ. ನನಗೇನಾಗಿದೆ?"

"ನಿಮಗೆ ಏನೂ ಆಗಿಲ್ಲ ಅಂತ ಇಡೀ ಬೀದಿಗೆ ಗೊತ್ತು," ಅಂದಳು ಟೈಲರಮ್ಮ. "ನನಗೆ ಏನಾಗಿದೆ ಅಂತ ಈ ಮನೇಲೇ ಯಾರಿಗೂ ಗೊತ್ತಿಲ್ಲ. ನಾಳೆ ಡಾಕ್ಟ್ರ ಹತ್ರ ಹೋಗ್ತೀನಿ."

"ಸರಿ, ಕರ್ಕೊಂಡು ಹೋಗ್ತೀನಿ."

"ನೀವು ಬರೋದು ಬೇಡ. ಸೊಸೆ ಬರ್ತಾಳೆ."

ಮದುವೆಯಾದಾಗಿನಿಂದ ಅಂಥ ಮಾತು ಅವಳ ಬಾಯಿಂದ ಬಂದಿರಲಿಲ್ಲ. ಮರುದಿನ ಬೆಳಿಗ್ಗೆ ಅತ್ತೆ ಸೊಸೆ ಇಬ್ಬರೂ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿಯುವುದನ್ನು ಡ್ರೈವರಪ್ಪ ಬಾಗಿಲಲ್ಲಿ ನಿಂತು ನೋಡಿದ.

ಮಂಡಿ ಡಾಕ್ಟರು ಕೆಟ್ಟವರಲ್ಲ, ಅವಸರದವರು. ಟೈಲರಮ್ಮ ಕುರ್ಚಿಯಲ್ಲಿ ಕೂತು ಮೊದಲಿನಿಂದ ಶುರುಮಾಡಿದಳು. ಓಲೆ, ಗಡಿಯಾರ, ಹುಕ್ಕು, ಆಮೇಲೆ ಮಂಡಿ. ನಡುವೆ ಡಾಕ್ಟರು ಒಮ್ಮೆ ಬಾಗಿಲ ಕಡೆ ನೋಡಿದಾಗ ಸೊಸೆ, "ಸರ್, ನಾನು ಗ್ಯಾಸ್ ಏಜೆನ್ಸೀಲಿ ದಿನಾ ದೂರು ಕೇಳೋ ಕೆಲಸ ಮಾಡ್ತೀನಿ. ಅರ್ಧ ಕೇಳಿದ್ರೆ ಸಿಲಿಂಡರ್ ಬೇರೆಯವರ ಮನೆಗೆ ಹೋಗುತ್ತೆ" ಅಂದಳು. ಡಾಕ್ಟರು ನಕ್ಕು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು.

"ಚರ್ಮಕ್ಕೆ ಒಗ್ಗದ್ದು ಮಂಡಿಗೂ ಒಗ್ಗಲ್ಲ ಅಂತ ಏನಿಲ್ಲಮ್ಮ," ಅಂದರು. "ಚರ್ಮ ಕೆರೆದ್ರೂ ಮಂಡಿ ಚೆನ್ನಾಗೇ ಇರೋ ಜನ ಬೇಕಾದಷ್ಟಿದ್ದಾರೆ. ಮೊದಲು ಒಳಗೆ ಸೋಂಕು ಇದೆಯಾ, ಮಂಡಿ ಸಡಿಲ ಆಗಿದೆಯಾ, ಓರೆಯಾಗಿ ಕೂತಿದೆಯಾ, ಅದನ್ನೆಲ್ಲ ನೋಡೋಣ. ಜೊತೆಗೆ ಚರ್ಮದ ಡಾಕ್ಟರಿಗೆ ಚೀಟಿ ಕೊಡ್ತೀನಿ. ಆಮೇಲೆ ಲೋಹದ ಮಾತು."

"ನೋಡಿ. ಆದ್ರೆ ವ್ಯಾಯಾಮ ಮಾಡಿ ಅಂತ ಮಾತ್ರ ಇನ್ನೊಂದು ಸಲ ಹೇಳಬೇಡಿ," ಅಂದಳು ಟೈಲರಮ್ಮ.

ಮುಂದಿನ ವಾರಗಳೆಲ್ಲ ಪರೀಕ್ಷೆಯಲ್ಲೇ ಹೋದವು. ರಕ್ತ ತೆಗೆದರು. ಮಂಡಿಯೊಳಗಿನ ನೀರು ಎಳೆದರು, ಅದಕ್ಕಂತೂ ಜೀವ ಬಾಯಿಗೆ ಬಂತು. ಎಕ್ಸ್‌ರೇ ಚಿತ್ರ ತೆಗೆಸಿದರು. ಮನೆಗೆ ಬಂದವಳೇ ಅವಳು ಕಾಲು ಚಾಚಿ ಮಿಷನ್ನಿಗೆ ಕೂರುತ್ತಿದ್ದಳು. ಕೊನೆಗೆ ಚರ್ಮದ ಡಾಕ್ಟರು ಅವಳ ಬೆನ್ನ ಮೇಲೆ ಒಂದೊಂದು ಲೋಹದ ಸಾರವಿರುವ ಪುಟ್ಟ ಪಟ್ಟಿಗಳನ್ನು ಸಾಲಾಗಿ ಅಂಟಿಸಿ, ತಾವು ತೆಗೆಯುವ ತನಕ ಬೆನ್ನಿಗೆ ನೀರು ಸೋಕಿಸಬಾರದು, ಕೆರೆಯಬಾರದು ಎಂದು ಕಳಿಸಿದರು.

ಆ ದಿನವೇ ಡ್ರೈವರಪ್ಪನೂ ಒಂದು ಪರೀಕ್ಷೆ ಶುರುಮಾಡಿದ. ಹೆಂಡತಿಯ ಹೊಲಿಗೆ ಡಬ್ಬಿಯಿಂದ ಒಂದು ಹುಕ್ಕು ತೆಗೆದು, ತನ್ನ ಮುಂಗೈಗಿಟ್ಟು, ಮೇಲೆ ಗಾಯದ ಪಟ್ಟಿ ಅಂಟಿಸಿಕೊಂಡ.

"ಇದೇನು ಮಾವ?" ಅಂದಳು ಸೊಸೆ.

"ಯಾರ ಮೈಮೇಲೆ ಅಂಟಿಸಿ ಮುಚ್ಚಿಟ್ರೂ ಗುಳ್ಳೆ ಏಳುತ್ತೆ. ಇಷ್ಟಕ್ಕೆ ಡಾಕ್ಟರು ಬೇಕಾ? ನನಗೂ ಏಳುತ್ತೆ ನೋಡ್ತಿರು. ಆಗ ಇವಳು ಒಪ್ಕೋಬೇಕು."

ಮಗ ತಲೆ ಚಚ್ಚಿಕೊಂಡ. ಟೈಲರಮ್ಮ ಬೆನ್ನು ಉರಿಯುತ್ತಿದ್ದರೂ ನಕ್ಕಳು. ಡ್ರೈವರಪ್ಪ ಮಾತ್ರ ಗಂಭೀರವಾಗಿದ್ದ. ಸ್ನಾನದ ಹೊತ್ತಿಗೆ ಆ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳುತ್ತಿದ್ದ. ನಡುನಡುವೆ ಪಟ್ಟಿಯ ಮೇಲೆ ಕಿವಿ ಇಟ್ಟವನ ಹಾಗೆ ಬಗ್ಗಿ ನೋಡುತ್ತಿದ್ದ. ಟೈಲರಮ್ಮನಿಗೋ ಬೆನ್ನ ಎಡಮೂಲೆಯಲ್ಲಿ ಒಂದೇ ಜಾಗದಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ಅವಳು ಕತ್ತರಿಯನ್ನು ಬಿಗಿಯಾಗಿ ಹಿಡಿದು ಬಟ್ಟೆ ಕತ್ತರಿಸಿದಳು. ಕೆರೆಯಲಿಲ್ಲ.

ಚರ್ಮದ ಡಾಕ್ಟರು ಪಟ್ಟಿ ತೆಗೆದ ದಿನ ಅವಳು ಮನೆಗೆ ಬಂದು ಗಂಡನಿಗೆ ಬೆನ್ನು ತಿರುಗಿಸಿ ನಿಂತಳು. ಎಡಮೂಲೆಯಲ್ಲಿ ಚರ್ಮ ಕೆಂಪಗೆ ಉಬ್ಬಿ, ಸಣ್ಣ ನೀರ್ಗುಳ್ಳೆಗಳು ಎದ್ದಿದ್ದವು. ಪಕ್ಕದ ಇನ್ನೊಂದು ಜಾಗ ತುಸು ಕೆಂಪಾಗಿತ್ತು. ಉಳಿದದ್ದೆಲ್ಲ ಸ್ವಚ್ಛ.

"ನಿಕ್ಕಲ್ ಅನ್ನೋ ಲೋಹ ಅಂತೆ. ಹುಕ್ಕಲ್ಲೂ ಇರುತ್ತಂತೆ, ಈ ಮಂಡೀಲೂ ಇದೆಯಂತೆ," ಅಂದಳು. "ಈಗ ನಿಮ್ಮದು ತೆಗೀರಿ."

ಡ್ರೈವರಪ್ಪ ಮುಂಗೈಯ ಪಟ್ಟಿಯನ್ನು ಮೆಲ್ಲಗೆ ಎಳೆದ. ಹುಕ್ಕು ಕೆಳಗೆ ಬಿತ್ತು. ಅದರ ಆಕಾರದ ಗುರುತೊಂದು ಚರ್ಮದ ಮೇಲಿತ್ತು, ಅಷ್ಟೇ. ಕೆಂಪಿಲ್ಲ, ಗುಳ್ಳೆ ಇಲ್ಲ. ಅವನು ಕೈಯನ್ನು ಕಿಟಕಿಯ ಬೆಳಕಿಗೆ ಒಯ್ದು ಅತ್ತ ಇತ್ತ ತಿರುಗಿಸಿದ. ಬೆರಳಿನಿಂದ ಉಜ್ಜಿ ನೋಡಿದ. ಆಮೇಲೆ ಬಗ್ಗಿ ಹುಕ್ಕನ್ನು ಎತ್ತಿ ಡಬ್ಬಿಗೆ ಹಾಕಿ ಬಾಲ್ಕನಿಗೆ ಹೋದ. ಆ ಸಂಜೆ ವ್ಯಾಯಾಮದ ಮಾತು ಎತ್ತಲಿಲ್ಲ.

ಮಂಡಿ ಡಾಕ್ಟರ ಮುಂದೆ ಈ ಸಲ ನಾಲ್ವರೂ ಕೂತಿದ್ದರು. ಸೋಂಕಿರಲಿಲ್ಲ. ಮಂಡಿ ಸಡಿಲವಾಗಿರಲಿಲ್ಲ, ಓರೆಯಾಗಿ ಕೂತಿರಲೂ ಇಲ್ಲ.

"ಬೇರೆ ಕಾರಣ ಸಿಕ್ಕಿಲ್ಲ," ಅಂದರು ಡಾಕ್ಟರು. "ಹಾಗಂತ ಲೋಹವೇ ಅಂತ ಆಣೆ ಮಾಡಿ ಹೇಳೋಕಾಗಲ್ಲ. ಬೇಕಾದ್ರೆ ಕಾಯಬಹುದು, ಕೆಲವರಿಗೆ ತಾನಾಗೇ ತಣಿಯುತ್ತೆ. ಇಲ್ಲ ಅಂದ್ರೆ ಇದನ್ನ ತೆಗೆದು ನಿಕ್ಕಲ್ ಇಲ್ಲದ ಬೇರೆ ಮಂಡಿ ಹಾಕಬಹುದು. ಮೊದಲನೇದಕ್ಕಿಂತ ದೊಡ್ಡ ಆಪರೇಷನ್. ಆದ್ಮೇಲೆ ಚೆನ್ನಾಗೂ ಆಗಬಹುದು, ಹೀಗೇ ಇರಲೂಬಹುದು."

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಹೇಳ್ತೀರಲ್ಲ ಡಾಕ್ಟ್ರೇ," ಅಂದಳು ಟೈಲರಮ್ಮ.

"ದೀಪ ಅಲ್ಲೇ ಇರೋದಮ್ಮ. ಬೇರೆ ಕಡೆ ಇದೆ ಅಂದ್ರೆ ಸುಳ್ಳಾಗುತ್ತೆ."

ಆ ಉತ್ತರ ಟೈಲರಮ್ಮನಿಗೆ ಹಿಡಿಸಿತು. ಇಷ್ಟು ದಿನಕ್ಕೆ ತನ್ನ ಮಂಡಿಯ ಬಗ್ಗೆ ಒಬ್ಬರು ಗೊತ್ತಿಲ್ಲ ಅಂದಿದ್ದರು. ಉಳಿದವರಿಗೆಲ್ಲ ಗೊತ್ತಿತ್ತು.

ಮನೆಯಲ್ಲಿ ರಂಪವೇ ಆಯಿತು. ಕಾವಲಿಯ ಮೇಲಿಟ್ಟಿದ್ದ ಬ್ರೆಡ್ಡು ಸುಟ್ಟು ವಾಸನೆ ಬಂದರೂ ಯಾರೂ ಒಲೆಯ ಕಡೆ ಹೋಗಲಿಲ್ಲ.

"ಗ್ಯಾರಂಟಿ ಇಲ್ಲದ ಕೆಲಸಕ್ಕೆ ಮತ್ತೆ ಕಾಲು ಕೊಯ್ಸ್ಕೊಳ್ಳೋದಾ?" ಅಂದ ಮಗ. "ನಾನಂತೂ ಒಪ್ಪಲ್ಲ. ಇನ್ನೊಂದು ವರ್ಷ ನೋಡೋಣ."

"ನೋಡೋಣ ಅಂತ ನೀನು ಅಂತೀಯ. ನೋಯೋದು ನನಗೆ," ಅಂದಳು ತಾಯಿ.

"ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಈಗ ಆಗಿರೋದೇನು?"

"ನೀನಾದ್ರೂ ಹೇಳೇ," ಅಂತ ಮಗ ಹೆಂಡತಿಯ ಕಡೆ ತಿರುಗಿದ.

"ನಾನು ಏನೂ ಹೇಳಲ್ಲ," ಅಂದಳು ಸೊಸೆ. "ಅತ್ತೆ ಕಾಲು ಅತ್ತೇದು. ಅವರು ಬೇಡ ಅಂದ್ರೆ ಬೇಡ, ಬೇಕು ಅಂದ್ರೆ ರಜ ಹಾಕಿ ಆಸ್ಪತ್ರೇಲಿ ಕೂರ್ತೀನಿ."

ಎಲ್ಲರೂ ಡ್ರೈವರಪ್ಪನ ಕಡೆ ನೋಡಿದರು. ಯಾವ ಮಾತಿಗೂ ಮುಂದಾಗುವವನು ಗೋಡೆಗೊರಗಿ ಕೂತಿದ್ದ.

"ನನಗೆ ಹೆದರಿಕೆ ಆಗ್ತಿದೆ," ಅಂದ. "ಆವತ್ತು ಏನೂ ಇಲ್ಲ ಅಂತ ನಾನೇ ಹೇಳಿದ್ದು. ನನಗೆ ಹಾಕಿದ್ದನ್ನೇ ಹಾಕಿ ಅಂದವನೂ ನಾನೇ. ಮತ್ತೆ ನಿನ್ನನ್ನ ಆ ಬಾಗಿಲೊಳಗೆ ತಳ್ಕೊಂಡು ಹೋಗ್ತಾರಲ್ಲ, ಅದನ್ನ ನೋಡೋಕೆ ನನ್ನಿಂದ ಆಗಲ್ಲ."

ಟೈಲರಮ್ಮನಿಗೆ ಅವನ ಮೇಲೆ ಮರುಕ ಬಂತು. ಸಿಟ್ಟೂ ಇತ್ತು, ಅದನ್ನು ಅವಳು ನುಂಗಲಿಲ್ಲ.

"ಹೌದು, ನೀವೇ ಹೇಳಿದ್ದು. ಹೇಳಿದ್ದಲ್ಲದೆ ವರ್ಷವೆಲ್ಲ ಸೋಮಾರಿ ಅಂದ್ರಿ. ಪಕ್ಕದಲ್ಲೇ ಕೂತು ನಾನೂ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ಆ ತಪ್ಪು ಮತ್ತೆ ಮಾಡಲ್ಲ. ಆಪರೇಷನ್ ಮಾಡಿಸ್ಕೊಳ್ತೀನಿ. ವಾಸಿಯಾಗದಿದ್ರೆ ಯಾರನ್ನೂ ಬೈಯಲ್ಲ, ಇದು ನಾನು ಮಾಡಿದ ತೀರ್ಮಾನ. ಒಪ್ಪಿಕೊಂಡಿರೋ ಯೂನಿಫಾರಂ ಮೊದಲು ಮುಗೀಲಿ."

"ಶಾಲೆ ಶುರುವಾಗೋಕೆ ಎಷ್ಟು ದಿನ ಇದೆ? ಒಂಟಿ ಕಾಲಲ್ಲಿ ಹೇಗೆ ಮುಗಿಸ್ತೀಯ?" ಅಂದ ಮಗ, ಸೋತ ದನಿಯಲ್ಲಿ.

ಅದಕ್ಕೆ ಉತ್ತರ ಮರುದಿನ ಬೆಳಿಗ್ಗೆ ಸಿಕ್ಕಿತು. ಅವಳು ಮಿಷನ್ನಿನ ಮುಂದೆ ಕೂತಾಗ ಡ್ರೈವರಪ್ಪ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತ. ಪೆಡಲಿನಿಂದ ಅವಳ ಪಾದವನ್ನು ಮೆಲ್ಲಗೆ ಸರಿಸಿ ತನ್ನ ಪಾದವಿಟ್ಟ.

"ಇದೇನು ರೀ?"

"ನನ್ನ ಮಂಡಿ ಚೆನ್ನಾಗಿದೆಯಲ್ಲ. ಬೀದಿಗೆಲ್ಲ ಗೊತ್ತು. ನೀನು ಬಟ್ಟೆ ಹಿಡಿ."

ತುಳಿದ. ಮಿಷನ್ ಹುಚ್ಚು ಹಿಡಿದಂತೆ ಓಡಿ, ಲಂಗದ ಅಂಚು ದಾಟಿ, ಅವಳ ತೋಳಿನ ಬಟ್ಟೆಯನ್ನೂ ಸೇರಿಸಿ ಹೊಲಿಯಿತು.

"ನಿಧಾನ. ಇದು ಬಸ್ಸಲ್ಲ."

"ಬ್ರೇಕ್ ಎಲ್ಲಿದೆ?"

"ನನ್ನ ಬಾಯಲ್ಲಿದೆ. ನಿಲ್ಲಿ ಅಂದ್ರೆ ನಿಲ್ಲಬೇಕು, ಹೋಗಿ ಅಂದ್ರೆ ಹೋಗಬೇಕು."

ಎರಡು ದಿನ ದಾರ ಕಡಿಯುತ್ತಾ, ಬೈಸಿಕೊಳ್ಳುತ್ತಾ ಅವನಿಗೆ ಹದ ಸಿಕ್ಕಿತು. ಆಮೇಲೆ ಅವಳ ಕೈ ನೋಡಿಯೇ ಕಾಲು ನಿಧಾನಿಸುವುದನ್ನು ಕಲಿತ. ಬೆಳಿಗ್ಗೆ ಪೇಪರು ತಂದವನೇ ಡ್ಯೂಟಿಗೆ ಹಾಜರಾಗುತ್ತಿದ್ದ. ಅಳತೆ ಕೊಡಲು ಬಂದ ಹೆಂಗಸರು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. "ಏನಮ್ಮ ನಗ್ತೀರ, ಸ್ಟೇರಿಂಗ್ ಅವಳ ಕೈಲಿದೆ," ಅನ್ನುತ್ತಿದ್ದ. ಮಗ ದಾರದ ಉಂಡೆ, ಗುಂಡಿ ತಂದುಕೊಡತೊಡಗಿದ. ಫೋನ್ ಕವರಿನವನಿಗೆ ಕೋಣೆ ಖಾಲಿ ಇಲ್ಲ ಅಂತ ತಾನೇ ಹೋಗಿ ಹೇಳಿಬಂದ. ಶಾಲೆ ಶುರುವಾಗುವ ಮುಂಚೆ ಕೊನೆಯ ಲಂಗ ಇಸ್ತ್ರಿಯಾಗಿ ಹೋಯಿತು. ಅದರ ಹುಕ್ಕಿನ ಹಿಂದೆಯೂ ಬಟ್ಟೆಯಿತ್ತು.

ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಟೈಲರಮ್ಮ ಅಲ್ಲಿ ತೊಟ್ಟುಕೊಳ್ಳಲೆಂದು ತೆಗೆದಿಟ್ಟಿದ್ದ ಹೊಸ ನೈಟ್‌ಗೌನನ್ನು ಕೈಗೆತ್ತಿಕೊಂಡಳು. ಅಂಗಡಿಯಲ್ಲಿ ಕೊಂಡದ್ದು, ಕತ್ತಿನ ಬಳಿ ಎರಡು ಹುಕ್ಕುಗಳಿದ್ದವು. ಈ ಗಡಿಬಿಡಿಯಲ್ಲಿ ಅವುಗಳ ಕಡೆ ಅವಳು ನೋಡಿಯೇ ಇರಲಿಲ್ಲ. ತಿರುಗಿಸಿ ನೋಡಿದರೆ ಎರಡರ ಹಿಂದೆಯೂ ಬಿಳಿ ಬಟ್ಟೆಯ ತುಂಡು. ಹೊಲಿಗೆ ಅಂದರೆ ಹೊಲಿಗೆಯೇ ಅಲ್ಲ, ಹಳ್ಳ ತಪ್ಪಿಸುತ್ತಾ ಓಡಿದ ಬಸ್ಸಿನ ಹಾಗೆ ಅಡ್ಡಾದಿಡ್ಡಿ. ದಾರದ ಗಂಟೊಂದು ಬಟಾಣಿಯಷ್ಟಿತ್ತು.

ಸೊಸೆಯ ಕೆಲಸ ಇದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು. ಡ್ರೈವರಪ್ಪ ಬಾಗಿಲ ಬಳಿ ಚೀಲ ಹಿಡಿದು ಬೇರೆ ಕಡೆ ನೋಡುತ್ತಿದ್ದ. ಅವನ ಹೆಬ್ಬೆರಳಿಗೆ ಪಟ್ಟಿ ಸುತ್ತಿತ್ತು.

"ಗಂಟು ದೊಡ್ಡದಾಯ್ತು," ಅಂದಳು.

"ಬಿಚ್ಚಿ ಹೊಲ್ಕೋ ಹಾಗಾದ್ರೆ."

"ಇರಲಿ ಬಿಡಿ. ಗಟ್ಟಿಯಾಗಿದೆ."

ಅವಳಿಗೆ ಕಣ್ಣು ತುಂಬಿ ಬಂತು. ಗೌನನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಸೊಸೆಯ ಭುಜ ಹಿಡಿದು ಮೆಟ್ಟಿಲು ಇಳಿದಳು. ಕೆಳಗೆ ತನ್ನ ಕೋಣೆಯ ಬೀಗವನ್ನು ಒಮ್ಮೆ ಎಳೆದು ನೋಡಿ ಆಟೋ ಹತ್ತಿದಳು.

ಭರ್ತಿ ಮಾಡಿಕೊಳ್ಳುವ ಮೇಜಿನಲ್ಲಿ ಅದೇ ನರ್ಸು ಕೂತಿದ್ದಳು. ಡ್ರೈವರಪ್ಪನ ಗುರುತು ಹಿಡಿದು ನಕ್ಕಳು. ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತ ಅವನು ಹೆಸರು, ವಿಳಾಸ, ವಯಸ್ಸು ಹೇಳಿದ. ವಯಸ್ಸನ್ನು ಒಂದು ವರ್ಷ ಕಡಿಮೆ ಹೇಳಿದ, ಟೈಲರಮ್ಮ ಅದನ್ನು ತಿದ್ದಲಿಲ್ಲ.

"ಸಕ್ಕರೆ ಕಾಯಿಲೆ?"

"ಇಲ್ಲ."

"ಬಿ.ಪಿ.?"

"ಇದೆ. ಕಾರಣ ನಿಮಗೆ ಹೋದ ಸಲಾನೇ ಹೇಳಿದೀನಿ."

ನರ್ಸು ನಗುತ್ತಲೇ ಮುಂದಿನ ಸಾಲಿಗೆ ಬಂದಳು. "ಏನಾದ್ರೂ ಅಲರ್ಜಿ?"

ಡ್ರೈವರಪ್ಪ ಬಾಯಿ ತೆರೆದ. ನಿಕ್ಕಲ್ ಅನ್ನುವ ಮಾತು ಅವನ ನಾಲಿಗೆಯ ತುದಿಗೇ ಬಂದಿತ್ತು. ವಾರಗಟ್ಟಲೆ ಅದನ್ನು ಸ್ಟಾಪಿನ ಹೆಸರಿನ ಹಾಗೆ ಬಾಯಿಪಾಠ ಮಾಡಿಕೊಂಡಿದ್ದ. ಹೆಂಡತಿಯ ಮುಖ ನೋಡಿದ. ಬಾಯಿ ಮುಚ್ಚಿದ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದ.

"ಅವಳನ್ನೇ ಕೇಳಿ," ಅಂದ.

ನರ್ಸು ಪೆನ್ನು ಹಿಡಿದು ಟೈಲರಮ್ಮನ ಕಡೆ ತಿರುಗಿದಳು. ಟೈಲರಮ್ಮ ಊದಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಸರಿಯಾಗಿಟ್ಟುಕೊಂಡು ನೆಟ್ಟಗೆ ಕೂತಳು.

"ಬರ್ಕೊಳ್ಳಮ್ಮ," ಅಂದಳು. "ಮೊದಲನೇ ಸಲ ಕಿವಿಗೆ ಓಲೆ ಹಾಕಿದಾಗಿನಿಂದ ಹೇಳ್ತೀನಿ."